ಮೇಜಿನ ನಾಡಿ

ಮಗು ಮಲಗಿದೆ ಎಂದು ಹೆಂಡತಿಗೆ ಹೇಳಿ ಬಂದಿದ್ದನಲ್ಲ, ಆ ಮಾತನ್ನು ತಾನು ಸ್ವಲ್ಪ ಹೆಚ್ಚೇ ಸಲೀಸಾಗಿ ಆಡಿಬಿಟ್ಟೆನೇನೋ ಎಂದು ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಾಗ ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋದ. ತಡವಾಗಿತ್ತು. ಆಗ ಮನೆಯ ಕೆಳಗೆ ಹೆಲ್ಮೆಟ್ ಹಾಕಿಕೊಂಡು, ಬೀಗದ ಕೈ ತಿರುಗಿಸಿ ಇನ್ನೇನು ಹೊರಡಬೇಕು, ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಹೆಂಡತಿ ಕರೆದಿದ್ದಳು, ರೀ, ಒಂದ್ನಿಮಿಷ ಮೇಲೆ ಬಂದು ಹೋಗಿ ಎಂದು. ಲಿಫ್ಟು ಕೆಟ್ಟು ಕೂತಿತ್ತು. ಒಳಗೊಳಗೇ ಗೊಣಗಿಕೊಂಡು ಎರಡೆರಡು ಮೆಟ್ಟಿಲು ದಾಟುತ್ತಾ ಓಡಿ ಹತ್ತಿದ. ಅವಳು ಅಷ್ಟರಲ್ಲಿ ಹೋಗಿ ಹಾಸಿಗೆಯ ಮೇಲೆ ಮಲಗಿದ್ದಳು. ನಮ್ಮ ಬಾಡಿಗೆದಾರರು ನಿನ್ನೆ ಸಂಜೆಯಿಂದ ಒಂದು ಸಲವೂ ಒದ್ದಿಲ್ಲ, ಯಾಕೆ ನೋಡಿ ಎಂದಳು. ಹೊಟ್ಟೆಯಲ್ಲಿರುವುದಕ್ಕೆ ಅವಳಿಟ್ಟ ಹೆಸರು ಅದು, ಬಾಡಿಗೆದಾರರು; ಬಹುವಚನದಲ್ಲೇ ಮಾತಾಡಿಸಬೇಕು, ಇಲ್ಲದಿದ್ದರೆ ಅವರಿಗೆ ಕೋಪ ಬರುತ್ತದೆ ಎನ್ನುತ್ತಿದ್ದಳು. ಅವನು ಹೆಲ್ಮೆಟ್ಟನ್ನೂ ತೆಗೆಯದೆ ಮಂಚದ ಅಂಚಿಗೆ ಕೂತು ಬಲಗೈಯನ್ನು ಅವಳ ಹೊಟ್ಟೆಯ ಮೇಲಿಟ್ಟ. ಏನೂ ಇರಲಿಲ್ಲ. ಇನ್ನಷ್ಟು ಒತ್ತಿದ. ಆಗ ಬೆರಳ ಕೆಳಗೆ ಏನೋ ಸಣ್ಣಗೆ, ಚುರುಕಾಗಿ, ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಮಲಗಿದೆ ಕಣೇ, ಎಷ್ಟು ಚೆನ್ನಾಗಿ ಹೊಡ್ಕೋತಿದೆ ಗೊತ್ತಾ ಎಂದ. ಅವಳ ಮುಖದ ಮೇಲಿನ ಬಿಗಿ ಸಡಿಲಾದದ್ದನ್ನು ನೋಡಿ ಅವನಿಗೆ ಹೆಮ್ಮೆಯೇ ಆಯಿತು.

ಕೈಯಿಂದ ಮಗುವಿನ ಎದೆ ಬಡಿತ ಸಿಗುವುದಿಲ್ಲ ಎಂದು ಎಲ್ಲ ಪುಸ್ತಕಗಳಲ್ಲೂ ಬರೆದಿದೆ. ಅವನೇ ಅದನ್ನು ಪಾಠ ಮಾಡಿದ್ದಾನೆ. ಆದರೆ ಪುಸ್ತಕ ಬರೆದವರ ಕೈ ಬೇರೆ, ತನ್ನ ಕೈ ಬೇರೆ ಎಂಬ ಒಂದು ಗುಟ್ಟಿನ ಸೊಕ್ಕು ಅವನಲ್ಲಿ ಯಾವಾಗಿನಿಂದಲೋ ಬೆಳೆದುಕೊಂಡು ಬಂದಿತ್ತು. ಬೆಳೆಸಿದವರು ರೋಗಿಗಳು. ಇವರ ಕೈಗುಣವೇ ಕೈಗುಣ ಎಂದು ಎದುರಿಗೇ ಹೇಳುತ್ತಿದ್ದರೆ ಯಾರಿಗಾದರೂ ತಲೆ ತಿರುಗುತ್ತದೆ. ಹೆಂಡತಿಯೂ ಮೊದಲು ರೋಗಿಯಾಗಿಯೇ ಬಂದವಳು. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ದಿನವಿಡೀ ಬಗ್ಗಿ ಕೂತು ಕುತ್ತಿಗೆ ಹಿಡಿದುಕೊಂಡಿತ್ತು. ಅವನು ಕುತ್ತಿಗೆಯನ್ನು ಮುಟ್ಟದೆ ಬಲಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ. ಯಾವಾಗಲೋ ಉಳುಕಿದ ಪಾದವನ್ನು ಉಳಿಸಿಕೊಳ್ಳಲು ಸೊಂಟ ವಾರೆಯಾಗಿ, ಸೊಂಟದ ವಾರೆಯನ್ನು ಕುತ್ತಿಗೆ ಸರಿದೂಗಿಸುತ್ತಿದೆ, ಮೈ ಎಂಬುದು ಬಿಡಿ ಭಾಗಗಳ ಗಂಟಲ್ಲ, ಇಡೀ ಒಂದೇ ಎಂದು ವಿವರಿಸಿದ. ಅವಳು ಕೇಳಿ, ನಮ್ಮ ಆಫೀಸಲ್ಲೂ ಇದೇ ಕಥೆ, ಬಾಗಿಲು ಕೂರ್ತಿಲ್ಲ ಅಂದ್ರೆ ಅಡಿಪಾಯ ನೋಡು ಅಂತಾರೆ ಎಂದಳು. ಮದುವೆಯಾದ ಮೇಲೆ ಸಿಕ್ಕಿದವರಿಗೆಲ್ಲ, ಮೊದಲನೇ ದಿನವೇ ನನ್ನ ಕಾಲು ಹಿಡಿದ ಗಂಡು ಇವರು ಎಂದು ಹೇಳಿ ನಗಿಸುತ್ತಿದ್ದಳು. ಅವಳಷ್ಟು ಪೂರ್ತಿಯಾಗಿ ಅವನ ಕೈಯನ್ನು ನಂಬಿದವರು ಬೇರೆ ಯಾರೂ ಇರಲಿಲ್ಲ.

ನಂಬದಿದ್ದವಳು ಅವಳ ಅಕ್ಕ. ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ನಿಶ್ಚಿತಾರ್ಥದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ, ಕೈಯಲ್ಲೇ ಎಲ್ಲಾ ಗೊತ್ತಾಗೋದಾದ್ರೆ ನಮ್ಮ ಸ್ಕ್ಯಾನಿಂಗ್ ಮಷೀನನ್ನ ಗುಜರಿಗೆ ಹಾಕಿಬಿಡ್ತೀವಿ ಡಾಕ್ಟ್ರೇ ಎಂದಿದ್ದಳು. ಎಲ್ಲರೂ ನಕ್ಕರು, ಅವನೂ ನಕ್ಕ. ನಗುತ್ತಿದ್ದಾಗ ಬಾಯಲ್ಲಿದ್ದ ತುತ್ತು ಹೇಗೆ ಕಲ್ಲಾಯಿತು ಎಂಬುದು ಇವತ್ತಿಗೂ ನೆನಪಿದೆ. ಆಮೇಲೆ ಅವಳು ಡಾಕ್ಟ್ರೇ ಎಂದಾಗಲೆಲ್ಲ ಅದರೊಳಗೊಂದು ಮುಳ್ಳು ಅವನಿಗೆ ಕಾಣುತ್ತಿತ್ತು. ಇವತ್ತು ಬೆಳಿಗ್ಗೆಯೂ ಹೆಂಡತಿ, ಅಕ್ಕನ್ನ ಒಂದು ಮಾತು ಕೇಳಲಾ ಎಂದಿದ್ದಳು. ಕೇಳು, ಕೇಳು, ಕೆಮ್ಮಿದರೂ ಆಂಬುಲೆನ್ಸ್ ಕಳಿಸೋಳು ಅವಳು ಎಂದ ಅವನು. ಇಬ್ಬರೂ ನಕ್ಕರು. ಬಿಡಿ, ನಿಮ್ಮ ಕೈ ಹೇಳಿದ ಮೇಲೆ ಮುಗೀತು ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಅವನು ಪಾಠ ಮಾಡುವ ಕಾಲೇಜಿನ ಮೇಲಿನ ಮಹಡಿಯ ಉದ್ದನೆಯ ಕೋಣೆಯಲ್ಲಿ ಆ ವರ್ಷ ಸೇರಿದವರು ಚಿಕಿತ್ಸೆಯ ಮೇಜುಗಳ ಸುತ್ತ ನಿಂತಿದ್ದರು. ಮೊದಲ ಪಾಠವನ್ನು ಪ್ರತಿವರ್ಷ ಅವನೇ ಮಾಡಬೇಕು, ಪ್ರಿನ್ಸಿಪಾಲರಿಗೆ ಅದೊಂದು ನಂಬಿಕೆ. ಆಸ್ಟಿಯೋಪಥಿ ಎಂಬ ಈ ಕೈಚಿಕಿತ್ಸೆಯನ್ನು ಕಲಿಯಲು ಬಂದವರು ಮೂಳೆಯನ್ನು ಲಟಕ್ಕೆನಿಸಿ ಜಾಗಕ್ಕೆ ಕೂರಿಸುವ ಜಾದೂ ನೋಡಲು ಕಾತರದಿಂದ ಇರುತ್ತಾರೆ. ಅವನು ಅವರ ಕೈಗೆ ಒಂದು ತಲೆಗೂದಲು, ಒಂದು ದಪ್ಪ ಪುಸ್ತಕ ಕೊಡುತ್ತಾನೆ. ಕೂದಲನ್ನು ಒಂದು ಹಾಳೆಯ ಕೆಳಗಿಟ್ಟು ಕಣ್ಣು ಮುಚ್ಚಿ ಹುಡುಕಬೇಕು, ಸಿಕ್ಕರೆ ಇನ್ನೊಂದು ಹಾಳೆ, ಮತ್ತೊಂದು. ಮೊದಲು ಎಲ್ಲರೂ ನಗುತ್ತಾರೆ, ಆಮೇಲೆ ಕೋಣೆ ನಿಶ್ಶಬ್ದವಾಗುತ್ತದೆ. ಅವನು ಮೇಜುಗಳ ನಡುವೆ ಓಡಾಡುತ್ತಾ ಪಾಠ ಒಪ್ಪಿಸುತ್ತಿದ್ದ. ಮೈಯ ಕಟ್ಟಡ ಹೇಗಿದೆಯೋ ಅದರ ಕೆಲಸ ಹಾಗೆ. ಕೆಲಸ ಹೇಗೋ ಕಟ್ಟಡವೂ ಹಾಗೆಯೇ ಆಗುತ್ತಾ ಹೋಗುತ್ತದೆ. ರಕ್ತಕ್ಕೆ ದಾರಿಯಿರುವಲ್ಲಿ ಮೈ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ನಾವು ದಾರಿ ಬಿಡಿಸಿಕೊಟ್ಟು ಪಕ್ಕಕ್ಕೆ ಸರಿಯಬೇಕು. ಈ ಮಾತುಗಳನ್ನು ಅವನು ನಿಜವಾಗಿ ನಂಬುತ್ತಿದ್ದ. ನಿನ್ನೆ ರಾತ್ರಿ ಹೆಂಡತಿ, ಇವತ್ತು ಯಾಕೋ ಗದ್ದಲ ಕಡಿಮೆ ಎಂದಾಗಲೂ ಇದೇ ನಂಬಿಕೆಯ ಮೇಲೆ ಮಗ್ಗುಲು ಬದಲಿಸಿ ನಿದ್ದೆ ಹೋಗಿದ್ದ.

ಕೂದಲು ಮುಗಿದ ಮೇಲೆ ಮೇಜಿನ ಆಟ. ಇದು ಅವನಿಗೆ ಬಲು ಇಷ್ಟದ್ದು. ಎಲ್ಲರೂ ಕಣ್ಣು ಮುಚ್ಚಿ ಬೆರಳ ತುದಿಗಳನ್ನು ಮೇಜಿನ ಮರದ ಅಂಚಿನ ಮೇಲಿಟ್ಟು ಗಟ್ಟಿಯಾಗಿ ಒತ್ತಬೇಕು. ಏನು ತಿಳಿಯುತ್ತೆ ಎಂದು ಕೇಳುತ್ತಾನೆ. ಯಾರಾದರೊಬ್ಬರು ಅನುಮಾನಿಸುತ್ತಾ, ಹೊಡ್ಕೋತಾ ಇದೆ ಸರ್ ಎನ್ನುತ್ತಾರೆ. ಯಾವುದು ಹೊಡ್ಕೋತಿದೆ ಎನ್ನುತ್ತಾನೆ ಅವನು. ಮೇಜು ಸರ್. ಆಗ ಅವನು ಬಹಳ ಗಂಭೀರವಾಗಿ, ಶುಭವಾಗಲಿ, ಮೇಜು ಆರೋಗ್ಯವಾಗಿದೆ ಎನ್ನಬೇಕು, ಎಲ್ಲರೂ ಹೋ ಎಂದು ನಗಬೇಕು. ಇವತ್ತೂ ಹಾಗೇ ಆಯಿತು. ನಗು ಇಳಿಯಲು ಬಿಟ್ಟು ವಿವರಿಸಿದ. ಒತ್ತಿದಷ್ಟೂ ನಿಮ್ಮ ಬೆರಳೊಳಗಿನ ರಕ್ತ ನಿಮಗೇ ಬಡಿಯುತ್ತದೆ. ಸತ್ತ ಮರಕ್ಕೂ ನಾಡಿ ಬರುತ್ತದೆ. ರೋಗಿಯ ಮೈಮೇಲೆ ಕೈಯಿಟ್ಟಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಯಾರದು ಎಂದು. ತಡವಾಗಿ ಬಂದು ಬಾಗಿಲ ಹತ್ತಿರದ ಮೇಜು ಹಿಡಿದಿದ್ದ ಹುಡುಗಿಯೊಬ್ಬಳು, ನನ್ನ ಮೇಜು ಎಲ್ಲರದಕ್ಕಿಂತ ಜೋರಾಗಿ ಹೊಡ್ಕೋತಿದೆ ಸರ್, ಮಗೂದು ಇದ್ದಹಾಗಿದೆ ಎಂದಳು. ಮತ್ತೆ ನಗು. ಅವನೂ ನಗುತ್ತಲೇ ಕೇಳಿದ:

"ಮೆಟ್ಟಿಲು ಓಡಿ ಹತ್ತಿ ಬಂದ್ಯೇನಮ್ಮಾ?"

ಹೌದು ಸರ್, ಸಾರಿ ಸರ್ ಎಂದು ಆಕೆ ಏನೋ ಹೇಳುತ್ತಿದ್ದಳು. ಅವನಿಗೆ ಬೆಳಿಗ್ಗೆ ಹೆಲ್ಮೆಟ್ಟಿನೊಳಗೆ ಕೇಳಿದ್ದ ತನ್ನದೇ ಏದುಸಿರು ಮತ್ತೆ ಕೇಳಿಸಿತು. ಎಷ್ಟು ಒತ್ತಿದ್ದೆ? ಮೊದಲು ಏನೂ ಸಿಗಲಿಲ್ಲ, ಆಮೇಲೆ ಒತ್ತಿದೆ, ಒತ್ತಿದ ಮೇಲೆ ಸಿಕ್ಕಿತು. ಒತ್ತಿದ ಮೇಲೆ ಸಿಕ್ಕಿತು. ವರ್ಷವರ್ಷವೂ ಯಾರನ್ನು ನೋಡಿ ನಕ್ಕಿದ್ದನೋ ಆ ಹೊಸಬರು ಕೂಡ ಎರಡನೇ ವಾರಕ್ಕೆ ಮಾಡದ ತಪ್ಪು. ಈ ಕೈವಿದ್ಯೆಯೇ ಬರದ ಒಬ್ಬ ಗುಮಾಸ್ತ ತನ್ನ ಹೆಂಡತಿಯ ಹೊಟ್ಟೆ ಮುಟ್ಟಿದ್ದರೆ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಿದ್ದ. ತನಗೆ ಆ ವಿದ್ಯೆ ಬರುತ್ತದಲ್ಲ, ಅದಕ್ಕೇ ಹೆಲ್ಮೆಟ್ ಕೂಡ ತೆಗೆಯಲಿಲ್ಲ. ಎಲ್ಲರೂ ತನ್ನ ಮುಖ ನೋಡುತ್ತಿದ್ದಾರೆ ಎಂದು ಅರಿವಾಗಿ, ಮತ್ತೆ ಕೂದಲು ತಗೊಳ್ಳಿ, ಇನ್ನೆರಡು ಹಾಳೆ ಹೆಚ್ಚು ಹಾಕಿ ಎಂದು ಹೇಳಿ ಹೊರಗೆ ಹೋದ.

ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಫೋನು ಮಾಡಿದ. ಅವಳು ಬಹಳ ಮೆಲ್ಲಗೆ ಮಾತಾಡಿದಳು, ಪಕ್ಕದಲ್ಲಿ ಯಾರೋ ನಿದ್ದೆ ಮಾಡುತ್ತಿರುವಾಗ ಮಾತಾಡುವ ಹಾಗೆ. ಏನಾದರೂ ಅಲುಗಾಡಿತಾ ಎಂದು ಕೇಳಿದ. ಇಲ್ಲ, ಮಲಗಿದೆ ಅಂದ್ರಲ್ಲ, ನಾನೂ ಹಂದಾಡದೆ ಹಾಗೇ ಮಲಗಿದ್ದೀನಿ, ಎದ್ದರೆ ಎಚ್ಚರ ಆಗತ್ತೆ ಅಂತ ಬೆಳಿಗ್ಗೆಯಿಂದ ನೀರಿಗೂ ಎದ್ದಿಲ್ಲ ಎಂದಳು. ಅವನು ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು ಸುಳ್ಳು, ಎದ್ದು ಆಸ್ಪತ್ರೆಗೆ ಹೊರಡು, ಅಕ್ಕನಿಗೆ ಫೋನು ಮಾಡು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. ತಣ್ಣೀರು ಕುಡಿ, ಎಡ ಮಗ್ಗುಲಾಗಿ ಮಲಗು, ಸ್ವಲ್ಪ ಹೊತ್ತು ನೋಡಿ ಹೇಳು ಎಂದ. ಯಾಕೆ, ಏನಾಯ್ತು ಎಂದಳು. ಏನಿಲ್ಲ, ಸುಮ್ಮನೆ ಕೇಳಿದೆ ಎಂದ. ಫೋನಿಟ್ಟ ಮೇಲೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೂ ಅಕ್ಕನ ಮುಖವೇ ಕಾಣುತ್ತಿತ್ತು: ಏನು ಡಾಕ್ಟ್ರೇ, ಮಷೀನು ಬೇಕಾಯ್ತಾ? ಒಂದು ನಗುವಿಗೆ ಹೆದರಿ ಗಂಡಸೊಬ್ಬ ತನ್ನ ಮಗುವನ್ನು ಹೀಗೆ ಕಾಯಿಸುತ್ತಾನೆ ಎಂದು ಯಾರಾದರೂ ಹೇಳಿದ್ದರೆ ಅವನೇ ನಂಬುತ್ತಿರಲಿಲ್ಲ.

ಕೆಳಗಿನ ಚಿಕಿತ್ಸಾಲಯದಲ್ಲಿ ಬಟ್ಟೆ ಹೊಲಿಯುವ ಹೆಂಗಸು ಆಗಲೇ ಮೇಜಿನ ಮೇಲೆ ಮಲಗಿದ್ದಳು. ಭುಜದ ನೋವಿಗೆ ತಿಂಗಳುಗಳಿಂದ ಬರುತ್ತಿರುವಾಕೆ. ಇವಳೊಬ್ಬಳನ್ನು ಮುಗಿಸಿ ಹೊರಟುಬಿಡುತ್ತೇನೆ ಎಂದು ಅವನು ತನಗೆ ತಾನೇ ಒಂದು ಸಬೂಬು ಕೊಟ್ಟುಕೊಂಡ. ಆಕೆ ಮಾತಿನ ಮಲ್ಲಿ. ಮೊದಲು ಎಷ್ಟು ಕಡೆ ಅಲೆದಿದ್ದು, ಯಾರ ಮಾತ್ರೆಗೂ ಜಗ್ಗದ ನೋವು ಇಲ್ಲಿ ಹೇಗೆ ಬೆಣ್ಣೆಯ ಹಾಗೆ ಇಳಿಯಿತು, ತನ್ನ ನಾದಿನಿಗೆ, ಕೆಳಮನೆಯವರಿಗೆ, ಬಟ್ಟೆ ಕೊಡಲು ಬರುವವರಿಗೆಲ್ಲ ಇವರ ಹೆಸರು ಹೇಗೆ ಹೇಳುತ್ತೇನೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅವನು ಒಂದು ಕೈಯನ್ನು ಅವಳ ಬೆನ್ನಿನ ಮೇಲೂ ಇನ್ನೊಂದನ್ನು ಭುಜದ ಕೆಳಗೂ ಇಟ್ಟ. ಸಾಮಾನ್ಯವಾಗಿ ಇಟ್ಟ ಸ್ವಲ್ಪ ಹೊತ್ತಿಗೆ ಸ್ನಾಯುಗಳು ಮಾತಾಡಲು ಶುರುಮಾಡುತ್ತಿದ್ದವು. ಎಲ್ಲಿ ಬಿಗಿ, ಎಲ್ಲಿ ಸಡಿಲ, ಉಸಿರು ಎಲ್ಲಿ ತಡೆಯುತ್ತಿದೆ ಎಂದು. ಇವತ್ತು ಅವನಿಗೆ ತನ್ನದೇ ನಾಡಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ಹಗುರ ಮಾಡಿದ, ಜಾಗ ಬದಲಿಸಿದ, ಕೈ ತೆಗೆದು ಕೊಡವಿ ಮತ್ತೆ ಇಟ್ಟ. ಅದೇ. ನನ್ನದೇ, ನನ್ನದೇ ಎಂದು ಹತ್ತೂ ಬೆರಳಲ್ಲಿ ಬಡಿಯುತ್ತಿತ್ತು. ಹಾಗಾದರೆ ಇಷ್ಟು ವರ್ಷ? ಆ ಯೋಚನೆಯ ಬಾಗಿಲನ್ನು ಅವನು ಅರ್ಧ ತೆರೆದು ಮುಚ್ಚಿದ. ಇವತ್ತು ಕೈ ಇಟ್ಟ ಕೂಡಲೇ ಹಾಯಾಯ್ತು ನೋಡಿ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಳು ಆಕೆ. ಕೇಳಿದ್ದೇ ಅವನು ಕೈ ತೆಗೆದ. ಇವತ್ತಿಗೆ ಸಾಕಮ್ಮಾ, ನನ್ನ ಕೈ ನಡೆಯುತ್ತಿಲ್ಲ ಎಂದು ಹೇಳಿ, ಅವಳು ಬೆರಗಾಗಿ ಎದ್ದು ಕೂರುವಷ್ಟರಲ್ಲಿ ಹೊರಬಿದ್ದ.

ಅಕ್ಕನಿಗೆ ಮೆಟ್ಟಿಲ ಮೇಲೆ ನಿಂತೇ ಫೋನು ಮಾಡಿದ. ಅವಳು ಎತ್ತಿ, ಹೇಳಿ ಡಾಕ್ಟ್ರೇ ಎಂದಳು. ಅವನು ಹೇಳಿದ. ನಿನ್ನೆ ಸಂಜೆಯಿಂದ ಎಂಬುದನ್ನೂ ಹೇಳಿದ. ನಗು ಬರಲಿ, ಬೈಗುಳ ಬರಲಿ ಎಂದು ಅವನು ಕಾದ. ಬೈದಿದ್ದರೆ ಬದುಕುತ್ತಿದ್ದ. ಕರ್ಕೊಂಡು ಬನ್ನಿ, ಈಗ್ಲೇ, ನಾನು ಬಾಗಿಲಲ್ಲೇ ಇರ್ತೀನಿ ಎಂದಳು, ಅಷ್ಟೇ. ಆ ದನಿಯಲ್ಲಿ ಡಾಕ್ಟ್ರೇ ಇರಲಿಲ್ಲ.

ಮನೆಗೆ ಹೋದಾಗ ಹೆಂಡತಿ ತಲೆ ಬಾಚಿಕೊಂಡು ಸಿದ್ಧಳಾಗಿದ್ದಳು. ಅಕ್ಕ ಫೋನು ಮಾಡಿ ಗದರಿದ್ದಳಂತೆ, ಸುಮ್ಮನೆ ಒಂದು ಸಲ ನೋಡಿಬಿಡೋಣ ಅಂದಳಂತೆ. ಮೆಟ್ಟಿಲಿಳಿಯುವಾಗ ಅವನ ತೋಳು ಹಿಡಿದುಕೊಂಡಳು. ಟ್ಯಾಕ್ಸಿಯಲ್ಲಿ ಕೂತು, ಬಾಡಿಗೆದಾರರನ್ನ ಎಬ್ಬಿಸೋಕೆ ಪೊಲೀಸರನ್ನ ಕರೆಸಿದ್ದಾರೆ ನೋಡಿ, ಸುಮ್ಮನೆ ಮಲಗಿದ್ದವರಿಗೆ ತೊಂದರೆ ಎಂದು ನಕ್ಕಳು. ನೀವು ಯಾಕೆ ಹೀಗೆ ಬೆವರಿದ್ದೀರಿ, ಪಾಠ ಅರ್ಧಕ್ಕೆ ಬಿಟ್ಟು ಬಂದ್ರಾ, ಅಕ್ಕನಿಗೆ ಹೆದರಬೇಡಿ, ನಾನಿದ್ದೀನಿ ಎಂದಳು. ಅಕ್ಕನ ಮುಂದೆ ಅವನಿಗೆ ಅವಮಾನವಾಗಬಾರದೆಂದು ಅವಳಿಗೆ ಕಾಳಜಿ. ಹಾಳು ರಸ್ತೆಯಲ್ಲಿ ಟ್ಯಾಕ್ಸಿ ಕುಲುಕಿದಾಗಲೆಲ್ಲ ಅವಳು ಎರಡೂ ಕೈಯಿಂದ ಹೊಟ್ಟೆಯನ್ನು ಆತುಕೊಳ್ಳುತ್ತಿದ್ದಳು. ಅವನು ಕಿಟಕಿಯ ಹೊರಗೆ ನೋಡುತ್ತಾ, ಒಂದು ಒದೆ, ಒಂದೇ ಒಂದು ಒದೆ ಕೊಡು, ಎಲ್ಲರೂ ನನ್ನನ್ನು ನೋಡಿ ನಗಲಿ ಎಂದು ಬೇಡಿಕೊಂಡ. ಯಾರನ್ನು ಬೇಡುತ್ತಿದ್ದೇನೆಂದು ಅವನಿಗೆ ಸ್ಪಷ್ಟವಿರಲಿಲ್ಲ.

ಅಕ್ಕ ಬಾಗಿಲಲ್ಲೇ ಇದ್ದಳು. ಗಾಲಿ ಕುರ್ಚಿಯಲ್ಲಿ ಕೂರಿಸಿಕೊಂಡು ಸೀದಾ ಒಳಗಿನ ಕೋಣೆಗೆ ಕರೆದೊಯ್ದಳು. ಅರೆಬೆಳಕು, ಗೋಡೆಗೆ ಆನಿಸಿದ ಕಿರಿದಾದ ಮಂಚ, ಪಕ್ಕದಲ್ಲಿ ಮಷೀನು. ತಂಗಿಯ ಹೊಟ್ಟೆಯ ಮೇಲೆ ಅಂಟು ಅಂಟಾದದ್ದನ್ನು ಸವರಿ, ಸ್ವಲ್ಪ ತಣ್ಣಗಿರುತ್ತೆ ಎಂದಳು. ಅವನು ಕಾಲ ಕಡೆ ನಿಂತಿದ್ದ. ಅಕ್ಕನ ಕೈಯನ್ನೇ ನೋಡುತ್ತಿದ್ದ. ಎಷ್ಟು ಹಗುರವಾಗಿ ಹಿಡಿದಿದ್ದಾಳೆ, ಒಂದಿಷ್ಟೂ ಒತ್ತುತ್ತಿಲ್ಲ ಎಂದು ಅವನ ಮೇಷ್ಟರ ಬುದ್ಧಿ ಆ ಹೊತ್ತಿನಲ್ಲೂ ಗಮನಿಸಿತು. ಅವಳು ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು, ಮತ್ತೆ ಮೊದಲಿನ ಜಾಗಕ್ಕೆ ಬಂದಳು. ಆಮೇಲೆ ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡು, ಡಾಕ್ಟರನ್ನು ಕರೀತೀನಿ ಎಂದಳು. ಡಾಕ್ಟರು ಬಂದರು. ವಯಸ್ಸಾದ ಹೆಂಗಸು, ಕೂತು ಬಹಳ ಹೊತ್ತು ತಾವೇ ನೋಡಿದರು. ನೋಡಿ ಮುಗಿಸಿ ಅವಳ ಕೈ ಹಿಡಿದುಕೊಂಡು, ಎದೆ ಬಡಿತ ಕಾಣ್ತಿಲ್ಲ ಮಗಳೇ ಎಂದರು. ಯಾವಾಗ ಆಯಿತೆಂದು ಈಗ ಹೇಳಲಾಗದು, ನಿನ್ನೆಯೇ ಇರಬಹುದು, ಇವತ್ತು ಬೆಳಿಗ್ಗೆಯೂ ಇರಬಹುದು ಎಂದರು. ಒಂದು ಸ್ವಲ್ಪ ಹೊತ್ತು ನೀವು ನೀವೇ ಇರಿ ಎಂದು ಎದ್ದು ಹೋದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಹೆಂಡತಿ ಅಳಲಿಲ್ಲ. ಡಾಕ್ಟರು ಯಾರದೋ ವಿಷಯ ಹೇಳಿಹೋದರೇನೋ ಎಂಬಂತೆ ಬಾಗಿಲ ಕಡೆ ನೋಡಿ, ಆಮೇಲೆ ಅವನನ್ನು ಕರೆದಳು. ಬನ್ನಿ ಇಲ್ಲಿ, ಇವರಿಗೆ ಗೊತ್ತಾಗ್ತಿಲ್ಲ, ನೀವು ನೋಡಿ ಹೇಳಿ ಎಂದಳು. ಅವನು ಪಕ್ಕಕ್ಕೆ ಬಂದು ನಿಂತ, ಕೈ ಮುಂದೆ ಮಾಡಲಿಲ್ಲ. ಅವಳೇ ಕೈಚಾಚಿ ಅವನ ಬಲಗೈಯನ್ನು ಎಳೆದುಕೊಂಡು ಅಂಟು ಆರದ ಹೊಟ್ಟೆಯ ಮೇಲೆ ಇಟ್ಟುಕೊಂಡಳು, ಮೇಲೆ ತನ್ನ ಕೈ ಇಟ್ಟು ಒತ್ತಿದಳು. ಅವನ ಬೆರಳುಗಳಲ್ಲಿ ಬಡಿತ ಶುರುವಾಯಿತು. ಅವನು ಅವಳ ಮುಖವನ್ನು ನೋಡಲಾರದೆ ಅಡ್ಡಡ್ಡ ತಲೆಯಾಡಿಸಿದ. ಅವಳು ಅದನ್ನು ನೋಡಿದಳು. ಸಣ್ಣ ದನಿಯಲ್ಲಿ ಕೇಳಿದಳು:

"ಬೆಳಿಗ್ಗೆ ಇತ್ತಲ್ವಾ?"

ಇದೊಂದನ್ನಾದರೂ ಕೊಡಬಹುದು ಎಂದುಕೊಂಡ ಅವನು. ಬೆಳಿಗ್ಗೆ ಅಪ್ಪನ ಕೈಗೆ ಸಿಕ್ಕಿತ್ತು, ಅಪ್ಪನ ಕೈ ಕೆಳಗೆ ಒಂದು ಗಳಿಗೆ ಜೀವಂತ ಇತ್ತು ಎಂದು ಅವಳು ಇಟ್ಟುಕೊಳ್ಳಲಿ. ಇಡೀ ಜನ್ಮಕ್ಕೆ ಅವಳಿಗೆ ಅಷ್ಟಾದರೂ ಇರಲಿ. ಇತ್ತು ಎಂದ.

ಅವಳು ಅದನ್ನೇ ಮನಸ್ಸಿನಲ್ಲಿ ತಿರುವಿಹಾಕುತ್ತಾ ಚಾವಣಿ ನೋಡಿದಳು. ನಕ್ಷೆಯಲ್ಲಿ ಎಲ್ಲೋ ಒಂದು ಗೆರೆ ತಪ್ಪಿದೆ ಎಂದು ಹುಡುಕುವಾಗ ಅವಳ ಹಣೆಯಲ್ಲಿ ಏಳುವ ನೆರಿಗೆ ಎದ್ದಿತು. "ಹಾಗಾದ್ರೆ ನಾನು ಮಲಗಿದ್ದಾಗ ಹೋಯ್ತು" ಎಂದಳು. "ಎದ್ದು ಓಡಾಡಿದ್ರೆ ಗೊತ್ತಾಗ್ತಿತ್ತು. ಅಕ್ಕನಿಗೆ ಹೇಳಿದ್ರೆ... ನಾನು ನಿದ್ದೆ ಕೆಡುತ್ತೆ ಅಂತ ಸುಮ್ಮನೆ ಬಿದ್ದುಕೊಂಡಿದ್ದೆ. ಅದು ಒಳಗೆ ಒದ್ದಾಡ್ತಿತ್ತೇನೋ. ನಾನು ಸುಮ್ಮನೆ ಬಿದ್ದುಕೊಂಡಿದ್ದೆ."

ಹಾಗೆಲ್ಲ ಏನೂ ಇಲ್ಲ ಕಣೇ ಎಂದು ಅಕ್ಕ ತಿರುಗಿದಳು. ಅವಳಿಗೆ ಏನೋ ಕೊಡುತ್ತಿದ್ದೇನೆ ಅಂದುಕೊಂಡಿದ್ದನಲ್ಲ ಅವನು, ಕೊಟ್ಟದ್ದು ಇದನ್ನು. ಸುಮ್ಮನಿದ್ದರೆ ಅವಳು ಇನ್ನು ಸಾಯುವ ತನಕ ಆ ಹಾಸಿಗೆಯ ಮೇಲೆ ಹಂದಾಡದೆ ಮಲಗಿರುತ್ತಾಳೆ, ತಾನು ಅವಳನ್ನು ಸಮಾಧಾನ ಮಾಡುವ ಒಳ್ಳೆಯ ಗಂಡನಾಗಿ ಪಕ್ಕದಲ್ಲಿ ಕೂತಿರುತ್ತಾನೆ. ಅವನು ಮಂಡಿಯೂರಿದ.

"ಇತ್ತೋ ಇಲ್ವೋ ನನಗೆ ಗೊತ್ತಿಲ್ಲ" ಎಂದ. "ನಾನು ಮೆಟ್ಟಿಲು ಓಡಿ ಹತ್ತಿ ಬಂದಿದ್ದೆ. ಜೋರಾಗಿ ಒತ್ತಿದೆ. ನನಗೆ ಸಿಕ್ಕಿದ್ದು ನಂದೇ ನಾಡಿ ಕಣೇ, ಮಗೂದಲ್ಲ. ಕಾಲೇಜಲ್ಲೇ ಗೊತ್ತಾಯ್ತು. ಗೊತ್ತಾದ್ಮೇಲೂ ಫೋನಲ್ಲಿ ಹೇಳಲಿಲ್ಲ. ನೀನೇನೂ ಮಾಡಿಲ್ಲ."

ಅಕ್ಕ ಅವನ ಕಡೆ ನೋಡಿದಳು. ಇಷ್ಟು ವರ್ಷ ಅವನು ಹೆದರುತ್ತಿದ್ದ ಯಾವುದೂ ಆ ಮುಖದಲ್ಲಿರಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಹೆಂಡತಿ ತನ್ನ ಹೊಟ್ಟೆಯ ಮೇಲಿದ್ದ ಅವನ ಕೈಯನ್ನೇ ನೋಡುತ್ತಿದ್ದಳು. ಈಗಲೂ ಹೊಡ್ಕೋತಿದೆಯಾ ಎಂದು ಕೇಳಿದಳು. ಹೂಂ ಎಂದ. ಅವಳು ಅದನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿ, ಒರಟಾಗಿಯೇನೂ ಅಲ್ಲ, ಮಂಚದ ಅಂಚಿನ ಮೇಲೆ ಇಟ್ಟಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು, ಇಟ್ಟದ್ದೇ ಗೊತ್ತಾಗದಷ್ಟು ಹಗುರವಾಗಿ.

"ಸ್ವಲ್ಪ ಎಲ್ಲರೂ ಸುಮ್ಮನಿರಿ" ಎಂದಳು. "ನಾನು ನೋಡ್ತೀನಿ."

ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಅವಳು ಕಾದಳು.